ಅಲುಗದ ನೆಲ

ಇಂದುಮತಿ ಬಡಿಗೇರ ನಾಲ್ಕು ವರ್ಷಗಳಿಂದ ಹುಬ್ಬಳ್ಳಿ ಬಿಟ್ಟು ಎರಡು ದಿನಕ್ಕಿಂತ ಹೆಚ್ಚು ಹೊರಗೆ ಇದ್ದವಳಲ್ಲ. ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಆರಕ್ಕೆ ಆಸ್ಪತ್ರೆಯ ಮೂರನೇ ಮಹಡಿ, ಕಿಟಕಿಯಿಂದ ಎರಡನೇ ಹಾಸಿಗೆ, ನಾಲ್ಕು ತಾಸು ಡಯಾಲಿಸಿಸ್. ಮುಗಿಸಿ ಮನೆಗೆ ಬಂದರೆ ಸಂಜೆಯವರೆಗೂ ಮೈಯಲ್ಲಿ ತ್ರಾಣವಿರುತ್ತಿರಲಿಲ್ಲ. ಉಳಿದ ದಿನಗಳು ಮುಂದಿನ ಸರದಿಗೆ ಕಾಯುವುದರಲ್ಲೇ ಕಳೆಯುತ್ತಿದ್ದವು.

ಅದಕ್ಕೂ ಮೊದಲು ಇಪ್ಪತ್ತಾರು ವರ್ಷ ಆಕೆ ಪಶುವೈದ್ಯೆಯಾಗಿದ್ದಳು. ದವಾಖಾನೆಯೊಳಗೆ ಕುಳಿತದ್ದಕ್ಕಿಂತ ಹೊರಗೆ ತಿರುಗಿದ್ದೇ ಹೆಚ್ಚು. ನವಲಗುಂದ, ನರಗುಂದ, ರೋಣದ ಎರೆ ಹೊಲಗಳಲ್ಲಿ ಕುರಿ ಹಿಂಡುಗಳನ್ನು ಹೊಡೆದುಕೊಂಡು ತಿರುಗುವ ಕುರಿಗಾರರಿಗೆ ಊರಿಲ್ಲ, ವಿಳಾಸವಿಲ್ಲ. ಅವರ ಕುರಿಗೆ ಕಾಲುಬೇನೆ ಬಂದರೆ ವೈದ್ಯರೇ ಹುಡುಕಿಕೊಂಡು ಹೋಗಬೇಕು. ಇಂದುಮತಿ ಹೋಗುತ್ತಿದ್ದಳು. ಯಾವ ತಿಂಗಳಲ್ಲಿ ಯಾರ ಹಿಂಡು ಯಾವ ಹಳ್ಳದ ದಂಡೆಯಲ್ಲಿರುತ್ತದೆ ಎಂಬುದು ಆಕೆಗೆ ಬಾಯಿಪಾಠವಾಗಿತ್ತು. ಐವತ್ತನೆಯ ವಯಸ್ಸಿಗೆ ಎರಡೂ ಮೂತ್ರಪಿಂಡಗಳು ಕೈಕೊಟ್ಟಾಗ ಆಕೆ ಮೊದಲು ಅತ್ತದ್ದು ಜೀವದ ಭಯಕ್ಕಲ್ಲ. ಇನ್ನು ಆ ಹೊಲಗಳಿಗೆ ಹೋಗಲಾಗುವುದಿಲ್ಲವಲ್ಲ ಎಂದು.

ಗಂಡ ಚಂಬಣ್ಣ ಗದಗ ರಸ್ತೆಯಲ್ಲಿ ಶೆಡ್ ಇಟ್ಟುಕೊಂಡು ಬಸ್ಸು, ಲಾರಿಗಳಿಗೆ ಬಾಡಿ ಕಟ್ಟುತ್ತಿದ್ದ. ಬರೀ ಚಾಸಿ ಬಂದು ನಿಂತರೆ ಮೂರು ವಾರದಲ್ಲಿ ಅದಕ್ಕೆ ಮೈ, ಬಾಗಿಲು, ಕಿಟಕಿ ಎಲ್ಲ ಬರುತ್ತಿದ್ದವು. ಅವನು ಹೆಚ್ಚು ಮಾತಿನವನಲ್ಲ. ಡಯಾಲಿಸಿಸ್ ನಡೆಯುವ ನಾಲ್ಕು ತಾಸೂ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು, ಮುಗಿದ ಮೇಲೆ ಹೆಂಡತಿಯ ಚಪ್ಪಲಿಯನ್ನು ಹಾಸಿಗೆಯ ಬಳಿ ತಂದಿಡುತ್ತಿದ್ದ.

ಅಂಥ ಒಂದು ಬುಧವಾರ ಧಾರವಾಡದ ಒಂದು ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಶಾಲೆಯಿಂದ ಶಾಹೀನ್ ಬಳಿಗಾರ ಎಂಬ ಸಂಶೋಧಕಿ ಆ ವಾರ್ಡಿಗೆ ಬಂದಳು. ಮೂವತ್ತಮೂರು ವರ್ಷ, ಕನ್ನಡಕ, ಕೈಯಲ್ಲಿ ಟ್ರಂಕಿನಷ್ಟು ದೊಡ್ಡದೊಂದು ಬಿಳಿ ಪೆಟ್ಟಿಗೆ. ಆರು ವರ್ಷ ದುಡಿದು ಆಕೆಯ ತಂಡ ಅದನ್ನು ಮಾಡಿತ್ತು. ಸಾಮಾನ್ಯ ಡಯಾಲಿಸಿಸ್‌ಗೆ ಒಂದು ಸಲಕ್ಕೆ ನೂರಿಪ್ಪತ್ತು ಲೀಟರಿಗಿಂತ ಹೆಚ್ಚು ಶುದ್ಧ ನೀರು ಬೇಕು. ಅದಕ್ಕೇ ಅದು ಆಸ್ಪತ್ರೆಯ ಗೋಡೆ, ನಳ, ಶುದ್ಧೀಕರಣದ ಕೋಣೆ ಬಿಟ್ಟು ಹೊರಗೆ ಬರಲಾರದು. ಶಾಹೀನಳ ಯಂತ್ರಕ್ಕೆ ಬೇಕಾದದ್ದು ಆರೇ ಲೀಟರ್. ರಕ್ತದಿಂದ ಕಶ್ಮಲ ಹೊತ್ತು ಬಂದ ನೀರು ಒಂದು ಡಬ್ಬಿಯೊಳಗೆ ಹಾಯುತ್ತಿತ್ತು. ಡಬ್ಬಿಯಲ್ಲಿ ಇದ್ದಿಲು, ಖನಿಜದ ಪುಡಿ, ಇನ್ನೂ ಏನೇನೋ ಪದರುಗಳು. ಕಶ್ಮಲ ಅಲ್ಲೇ ಉಳಿದು, ಅದೇ ನೀರು ಸ್ವಚ್ಛವಾಗಿ ಮತ್ತೆ ಕೆಲಸಕ್ಕೆ ಹೋಗುತ್ತಿತ್ತು. ಒಂದು ಸಲಕ್ಕೆ ಒಂದು ಡಬ್ಬಿ, ಒಂದು ಹೊಸ ನಳಿಗೆ. ಮುಗಿದ ಮೇಲೆ ಎರಡನ್ನೂ ಎಸೆಯುವುದು.

ಮನೆಯಲ್ಲೇ ಇಟ್ಟುಕೊಂಡು ಪರೀಕ್ಷಿಸಲು ಶಾಹೀನ್ ಏಳು ಜನ ರೋಗಿಗಳನ್ನು ಹುಡುಕುತ್ತಿದ್ದಳು. ಇಂದುಮತಿ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದಳು.

"ಇದನ್ನ ಗಾಡ್ಯಾಗ ಇಡಬಹುದೇನವಾ?"

ಶಾಹೀನ್ ನಕ್ಕಳು. "ಇಡಬಹುದ್ರಿ ಮೇಡಂ, ಆದ್ರ ನಡಿಯಂಗಿಲ್ಲ. ಇದರ ತಳದಾಗ ಒಂದು ತಕ್ಕಡಿ ಐತಿ. ನಿಮ್ಮ ಮೈಯಿಂದ ಎಷ್ಟು ನೀರು ತಗದ್ವಿ ಅನ್ನೋದನ್ನ ಅದು ಗ್ರಾಂ ಲೆಕ್ಕದಾಗ ತೂಗತೈತಿ. ಸ್ವಲ್ಪ ವಾಲಿದ್ರ, ಅಲುಗಿದ್ರ ತೂಕ ತಪ್ಪತೈತಿ. ತಪ್ಪಿದ ಕೂಡಲೇ ಮಷಿನ್ನು ನಿಂತಬಿಡತೈತಿ. ನೆಲ ಅಲುಗಬಾರದು ನೋಡ್ರಿ."

ಮೆಟ್ಟಿಲ ಮೇಲಿಂದ ಆಗಷ್ಟೇ ಎದ್ದು ಬಂದಿದ್ದ ಚಂಬಣ್ಣ ಬಾಗಿಲಲ್ಲಿ ನಿಂತು ಇದನ್ನು ಕೇಳಿದ. "ಎಷ್ಟು ವಾಲಿದ್ರ ನಡೀತೈತಿ?" ಎಂದ.

"ಎರಡು ಡಿಗ್ರಿ. ಮೂರಂದ್ರ ಕಷ್ಟ."

ಅವನು ತಲೆಯಾಡಿಸಿ ಚಪ್ಪಲಿ ತಂದಿಟ್ಟ. ಏಳು ಜನರ ಪಟ್ಟಿಗೆ ಇಂದುಮತಿಯ ಹೆಸರೂ ಸೇರಿತು.

ಮುಂದಿನ ಎಂಟು ತಿಂಗಳು ಶೆಡ್ಡಿನ ಹಿಂಭಾಗದಲ್ಲಿ ಒಂದು ಹಳೆಯ ಟೆಂಪೊ ನಿಂತಿತ್ತು. ಅದರ ಡೀಸೆಲ್ ಎಂಜಿನ್ ಇಳಿಸಿ ಬ್ಯಾಟರಿ ಕೂರಿಸಿದ. ನಾಲ್ಕು ಗಾಲಿಗೂ ಬೇರೆ ಬೇರೆ ಮೋಟಾರು. ಚಾಸಿಯನ್ನು ಒಂದು ಗೇಣು ಎತ್ತರಿಸಿ, ಟ್ರಾಕ್ಟರಿಗೆ ಹತ್ತಿರವೆನಿಸುವ ಅಗಲ ಟೈರು ಹಾಕಿದ. ಒಳಗೆ ಅಡಿಗೆಯ ಕಟ್ಟೆ, ಮಡಚುವ ಮೇಜು, ಲಸಿಕೆ ಇಡಲು ಸಣ್ಣ ಫ್ರಿಜ್, ಎರಡು ಹಾಸಿಗೆ, ಮಾಡಿನ ಮೇಲೆ ಬಿಸಿಲಿನಿಂದ ಕರೆಂಟು ಮಾಡುವ ಹಲಗೆಗಳು. ಇದೆಲ್ಲ ಅವನಿಗೆ ಹೊಸದಲ್ಲ. ಕೆಲಸ ಹಿಡಿದದ್ದು ನೆಲ.

ಮೊದಲು ಹಾಸಿಗೆಯನ್ನೂ ಯಂತ್ರವನ್ನೂ ತೊಟ್ಟಿಲ ಹಾಗೆ ಮಾಡಿನಿಂದ ಸ್ಪ್ರಿಂಗಿನಲ್ಲಿ ತೂಗುಹಾಕಿ ನೋಡಿದ. ಗಾಡಿ ನಿಂತರೂ ತೊಟ್ಟಿಲು ನಿಲ್ಲಲಿಲ್ಲ. ಅಂಚಿನವರೆಗೆ ತುಂಬಿಟ್ಟ ತಂಬಿಗೆಯ ನೀರೆಲ್ಲ ಅವನ ಪ್ಯಾಂಟಿನ ಮೇಲೆ ಬಿತ್ತು. ಶಾಹೀನ್ ಪ್ರತಿ ಶನಿವಾರ ಬಂದು ನೋಡಿ ಹೋಗುತ್ತಿದ್ದಳು. ಮೂರನೇ ಶನಿವಾರ ಆಕೆಯೇ ಕಾಗದದ ಮೇಲೆ ಒಂದು ಚಿತ್ರ ಬರೆದಳು: ತೂಗುಹಾಕುವುದು ಬೇಡ, ಕೆಳಗಿನಿಂದ ಹೊತ್ತುಕೊಳ್ಳಲಿ. ಒಳನೆಲಕ್ಕೆ ಆರು ಕಾಲು, ಒಂದೊಂದು ಕಾಲೂ ತನ್ನಷ್ಟಕ್ಕೆ ಉದ್ದವಾಗಬೇಕು, ಗಿಡ್ಡವಾಗಬೇಕು. ಗಾಡಿ ಎಡಕ್ಕೆ ವಾಲಿದರೆ ಎಡದ ಕಾಲುಗಳು ಚಾಚಿಕೊಳ್ಳಬೇಕು. ಒಂದು ಸಣ್ಣ ಕಂಪ್ಯೂಟರು ಸೆಕೆಂಡಿಗೆ ಇನ್ನೂರು ಸಲ ಮಟ್ಟ ನೋಡಿ ಅವುಗಳಿಗೆ ಹುಕುಂ ಕೊಡುತ್ತದೆ.

"ಅಂದ್ರ ತಲಿ ಮ್ಯಾಲ ಕೊಡ ಹೊತ್ತ ಹೆಣ್ಣಮಗಳು ನಡದಂಗ" ಎಂದ ಚಂಬಣ್ಣ. "ಕಾಲು ಎಲ್ಲೇ ಬೀಳಲಿ, ಕೊಡ ಅಲುಗಬಾರದು."

"ಹಂಗ ನೋಡ್ರಿ ಕಾಕಾ."

ಸಂಶೋಧನೆಯ ನಿಯಮದ ಪ್ರಕಾರ ಗಾಡಿ ನಿಂತಾಗ ಮಾತ್ರ ಯಂತ್ರ ನಡೆಸಬೇಕಿತ್ತು. ಹಾಗಿದ್ದರೆ ಇಷ್ಟೆಲ್ಲ ಯಾಕೆ ಎಂದು ಶಾಹೀನ್ ಒಮ್ಮೆ ಕೇಳಿದಳು. ಚಂಬಣ್ಣ ವೆಲ್ಡಿಂಗ್ ಕನ್ನಡಕ ಮೇಲೆತ್ತಿ, "ಆಕಿ ಮಷಿನ್ನಿಗೆ ಹತ್ತಿದಾಗ ಅಡವ್ಯಾಗ ಏನರ ಆದ್ರ? ಬಿಚ್ಚಿ, ಕಟ್ಟಿ, ಆಮ್ಯಾಲ ಗಾಡಿ ಚಾಲೂ ಮಾಡ್ಲೇನು?" ಎಂದ.

ಕೊನೆಗೆ ಒಂದು ದಿನ ಹಳೆಯ ಕಲ್ಲು ಕ್ವಾರಿಯೊಳಗೆ ಗಾಡಿ ಇಳಿಸಿದರು. ಬಂಡೆ ಹತ್ತಿತು, ಕುಣಿಗೆ ಬಿತ್ತು, ಮೈಯೆಲ್ಲ ಓಲಾಡಿತು. ಒಳಗೆ ತಂಬಿಗೆಯ ನೀರಿನ ಮೇಲೆ ಸಣ್ಣ ನಡುಕ ಮಾತ್ರ ಇತ್ತು. ಇಂದುಮತಿ ಹಾಸಿಗೆಯ ಮೇಲೆ ಕಾಲು ಚಾಚಿ ಕುಳಿತು ಕಿಟಕಿಯ ಹೊರಗೆ ನೆಲ, ಆಕಾಶ ಏರಿಳಿಯುವುದನ್ನು ನೋಡುತ್ತ ಜೋರಾಗಿ ನಕ್ಕಳು. ಅವಳು ಹಾಗೆ ನಕ್ಕು ಎಷ್ಟು ದಿನವಾಗಿತ್ತೆಂದು ಚಂಬಣ್ಣನಿಗೆ ನೆನಪಾಗಲಿಲ್ಲ.

ಆ ಬೇಸಿಗೆಯಿಂದ ಇಬ್ಬರೂ ಹೊರಡತೊಡಗಿದರು. ಮೊದಲು ಎರಡು ದಿನ, ಆಮೇಲೆ ನಾಲ್ಕು, ಆಮೇಲೆ ವಾರ. ತನ್ನ ಕೈಗೆ ತಾನೇ ಸೂಜಿ ಚುಚ್ಚಿಕೊಳ್ಳುವುದನ್ನು ಇಂದುಮತಿ ಕಲಿತಿದ್ದಳು. ಇಪ್ಪತ್ತಾರು ವರ್ಷ ಒದ್ದಾಡುವ ಆಡು, ಕುರಿ, ಎಮ್ಮೆಗಳ ರಕ್ತನಾಳ ಹುಡುಕಿದವಳಿಗೆ ಅದೇನು ದೊಡ್ಡದಾಗಿರಲಿಲ್ಲ. ಬೆಳಿಗ್ಗೆ ಕುರಿಗಳಿಗೆ ಲಸಿಕೆ, ಮಧ್ಯಾಹ್ನ ಬೇವಿನ ಗಿಡದ ನೆರಳಲ್ಲಿ ಗಾಡಿ ನಿಲ್ಲಿಸಿ ತನಗೆ ಡಯಾಲಿಸಿಸ್. ಚಂಬಣ್ಣ ಮೂರು ಕಲ್ಲು ಹೂಡಿ ರೊಟ್ಟಿ ಸುಡುತ್ತಿದ್ದ. ಧಾರವಾಡದಲ್ಲಿ ಶಾಹೀನಳ ಪರದೆಯ ಮೇಲೆ ಇಂದುಮತಿಯ ರಕ್ತದೊತ್ತಡ, ನೀರಿನ ತೂಕ, ಗಾಡಿಯ ವಾಲು ಎಲ್ಲ ಅಂಕಿಗಳಾಗಿ ಓಡುತ್ತಿದ್ದವು. ಕೆಲವೊಮ್ಮೆ ಹಿನ್ನೆಲೆಯಲ್ಲಿ ಕುರಿಗಳ ಕೂಗೂ ಕೇಳುತ್ತಿತ್ತು.

ಅಕ್ಟೋಬರ್ ಮೊದಲ ವಾರ ಅವರು ಬೆಣ್ಣೆಹಳ್ಳದ ದಂಡೆಗೆ ಹೋದರು. ಹೆಸರುಕಾಳು ಕಿತ್ತ ಹೊಲಗಳಲ್ಲಿ ಹಿಂಡುಗಳು ಇಳಿದಿದ್ದವು. ಜೊತೆಗೆ ಎರಡು ಡಬ್ಬಿ ಇದ್ದವು. ಒಂದು ಬುಧವಾರಕ್ಕೆ, ಒಂದು ಶುಕ್ರವಾರಕ್ಕೆ. ಶನಿವಾರ ಮನೆ. ಬುಧವಾರದ್ದು ಮುಗಿದ ಸಂಜೆ ಮೋಡ ಕಟ್ಟಿತು. ಗುರುವಾರ ಬೆಳಕು ಹರಿಯುವಾಗ ಮಳೆ ನಿಂತಿತ್ತು. ಆದರೆ ಕಣ್ಣು ಹಾಯುವಷ್ಟು ದೂರ ನೆಲ ಕಪ್ಪಗೆ ಮಿರಿಮಿರಿ ಮಿಂಚುತ್ತಿತ್ತು. ಒಣಗಿದಾಗ ಕಲ್ಲಿನಂತಿರುವ ಎರೆ ಮಣ್ಣು ನೆನೆದರೆ ಅಂಟಿನ ಹಾಗೆ. ಎತ್ತಿನ ಬಂಡಿ ಕೂಡ ಇಳಿಯುವುದಿಲ್ಲ. ನಾಲ್ಕು ದಿನ ಬಿಸಿಲು ಬಿದ್ದರೆ ದಾರಿ ತೆರೆಯುತ್ತದೆ. ಡಾಂಬರು ರಸ್ತೆ ಅಲ್ಲಿಂದ ಹನ್ನೊಂದು ಕಿಲೋಮೀಟರ್.

ಏಳು ಗಂಟೆಗೆ ಕುರಿಗಾರ ಮಾಳಿಂಗಪ್ಪ ಮೊಣಕಾಲಿನವರೆಗೆ ಕೆಸರು ಮಾಡಿಕೊಂಡು ಬಂದ. ಅವನ ಹಿಂಡು ಮೂರು ಕಿಲೋಮೀಟರ್ ಆಚೆ ಇತ್ತು. ಇಂದುಮತಿಗೆ ಅವನು ಹಳೆಯ ಪರಿಚಯ.

"ಡಾಕ್ಟರವ್ವಾರ, ನಮ್ಮ ಹೊಳೆವ್ವಗ ಉಸುರು ಹಿಡಿವಲ್ದು. ಬರ್ರಿ" ಎಂದ.

"ನಾನು ಕುರಿ ಡಾಕ್ಟರು ಮಾಳಿಂಗಪ್ಪ. ಮನಷ್ಯಾರಿಗೆ—"

"ಆಕಿಗೂ ನಿಮ್ಮಂಗ ಅದ ಮಷಿನ್ನಿನ ಬ್ಯಾನಿ ಐತ್ರಿ. ವಾರದಾಗ ಎರಡ ಸಲ ನವಲಗುಂದಕ್ಕ ಹೋಗತಿದ್ಲು. ಹಿಂಡು ಒಳಗ ಬಂತು, ಮಳಿ ಹತ್ತಿತು. ಎರಡು ಪಾಳಿ ತಪ್ಪ್ಯಾವು. ಎಂಟು ದಿನ ಆತು."

ಇಂದುಮತಿ ಚಪ್ಪಲಿ ಕಳಚಿ ಕೆಸರಿಗಿಳಿಯಲು ಹೋದಳು. ಚಂಬಣ್ಣ ತಡೆದ. ಟೈರುಗಳ ಗಾಳಿ ಅರ್ಧಕ್ಕೆ ಇಳಿಸಿ, ಬದುವಿನ ಹುಲ್ಲು ಹಿಡಿದು ಮೆಲ್ಲಗೆ ಗಾಡಿ ನಡೆಸಿದ. ಹುಲ್ಲಿನ ಬೇರು ಇದ್ದಲ್ಲಿ ಎರೆ ಮಣ್ಣು ಅಷ್ಟು ಸಡಿಲವಾಗುವುದಿಲ್ಲ. ಮೂರು ಕಿಲೋಮೀಟರಿಗೆ ಒಂದು ತಾಸು ಹಿಡಿಯಿತು. ಮಾಳಿಂಗಪ್ಪನ ಹಿಂಡು ರಸ್ತೆಯ ಕಡೆಗೇ ಇದ್ದದ್ದರಿಂದ ಮುಂದಿನ ದಾರಿ ಎಂಟು ಕಿಲೋಮೀಟರ್ ಉಳಿದಿತ್ತು.

ಹೊಳೆವ್ವ ಕಂಬಳಿಗೆ ಒರಗಿ ಕುಳಿತಿದ್ದಳು. ಮಾಳಿಂಗಪ್ಪನ ಹೆಂಡತಿ, ನಲವತ್ತರ ಹೆಂಗಸು. ಮುಖ, ಕಾಲು ಬಾತಿದ್ದವು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಎದ್ದು ನಿಲ್ಲಲು ಹೋದರೆ ಕಾಲಲ್ಲಿ ಬಲವಿರಲಿಲ್ಲ. ಮೈಯಲ್ಲಿ ನೀರು ತುಂಬಿ ಎದೆಗೆ ಏರುತ್ತಿದೆ, ರಕ್ತದಲ್ಲಿ ಪೊಟ್ಯಾಷಿಯಂ ಹೆಚ್ಚಿದೆ ಎಂದು ಇಂದುಮತಿಗೆ ನೋಡಿದ ಕೂಡಲೇ ತಿಳಿಯಿತು. ಒಂದು ಪಾಳಿ ತಪ್ಪಿದರೇ ತನಗೆ ಹೇಗಾಗುತ್ತದೆ ಎಂಬುದು ಆಕೆಗೆ ಗೊತ್ತಿತ್ತು. ಎಡ ಮುಂಗೈಯಲ್ಲಿ ಸೂಜಿಗಾಗಿ ಮಾಡಿದ ಉಬ್ಬು ರಕ್ತನಾಳವಿತ್ತು, ತನ್ನದರ ಹಾಗೆಯೇ.

ಧಾರವಾಡದಲ್ಲಿ ಶಾಹೀನ್ ಆಗಷ್ಟೇ ಪ್ರಯೋಗಶಾಲೆಯ ಬಾಗಿಲು ತೆರೆದಿದ್ದಳು. ಪರದೆಯ ಮೇಲೆ ಇಂದುಮತಿ ಕಾಣಿಸಿಕೊಂಡು ವಿಷಯ ಹೇಳಿದಾಗ ಅವಳು ಕೈಲಿದ್ದ ಬೀಗವನ್ನು ಮೇಜಿನ ಮೇಲಿಡುವುದನ್ನೂ ಮರೆತಳು.

"ಮೇಡಂ, ಆಂಬುಲೆನ್ಸ್?"

"ಡಾಂಬರು ರಸ್ತೆತನಕ ಬರತೈತಿ. ಒಳಗ ಬರಂಗಿಲ್ಲ. ನಾವು ಅಲ್ಲಿ ಮುಟ್ಟಾಕ ಮೂರು ತಾಸರ ಬೇಕು. ಅಲ್ಲಿತನಕ ಈಕಿ ಉಳಿಯಂಗ ಕಾಣವಲ್ದು. ನನ್ನ ಹತ್ತರ ಒಂದು ಡಬ್ಬಿ ಐತಿ."

ಪರೀಕ್ಷೆಯ ಅನುಮತಿ ಪತ್ರದಲ್ಲಿ ಏಳು ಹೆಸರಿದ್ದವು, ಎಂಟನೆಯದಿರಲಿಲ್ಲ. ಗಾಡಿ ನಿಂತಾಗ ಮಾತ್ರ ಎಂದೂ ಬರೆದಿತ್ತು. ತಪ್ಪಿದರೆ ಆರು ವರ್ಷದ ಕೆಲಸಕ್ಕೆ ಬೀಗ ಬೀಳುತ್ತದೆ. ಪರೀಕ್ಷೆಯ ಹೊಣೆ ಹೊತ್ತಿದ್ದ ಮೂತ್ರಪಿಂಡ ತಜ್ಞ ಡಾ. ಕಟ್ಟೀಮನಿಯವರನ್ನು ಶಾಹೀನ್ ಫೋನಿನಲ್ಲಿ ಹಿಡಿದು ಅದೇ ಕರೆಗೆ ಸೇರಿಸಿದಳು.

ಅವರು ಹೊಳೆವ್ವನನ್ನು ಕ್ಯಾಮೆರಾದಲ್ಲಿ ಒಂದು ನಿಮಿಷ ನೋಡಿದರು. "ರಿಪೋರ್ಟ್ ಅವ ಏನು? ಕಾಮಾಲೆ, ಬೇರೆ ಸೋಂಕು?" ಎಂದು ಕೇಳಿದರು. ಮಾಳಿಂಗಪ್ಪ ಪ್ಲಾಸ್ಟಿಕ್ ಚೀಲದೊಳಗಿಂದ ಮಡಿಚಿದ ಕಾಗದಗಳನ್ನು ತೆಗೆದ. ಇಂದುಮತಿ ಒಂದೊಂದನ್ನೇ ಕ್ಯಾಮೆರಾಕ್ಕೆ ಹಿಡಿದಳು.

"ಸೋಂಕಿಲ್ಲ, ಹಚ್ರಿ" ಎಂದರು ಡಾ. ಕಟ್ಟೀಮನಿ. "ನೀರು ನಿಧಾನ ತಗೀರಿ. ತಾಸಿಗೆ ಅರ್ಧ ಲೀಟರಿಗಿಂತ ಜಾಸ್ತಿ ಬ್ಯಾಡ. ಆದ್ರ ಅಲ್ಲೇ ಕೂಡಬ್ಯಾಡ್ರಿ, ಆಕಿಗೆ ಆಸ್ಪತ್ರಿನೂ ಬೇಕು. ಶಾಹೀನ್, ಗಾಡಿ ನಡಿಯೂದರಾಗ ಮಷಿನ್ನು ನಡಸಬಹುದೇನು?"

"ಕ್ವಾರಿಯೊಳಗ ನೀರಿನ ತಂಬಿಗಿ ಇಟ್ಟು ನಡಸೇವಿ ಸರ್. ಮನಷ್ಯಾರನ್ನ ಇಟ್ಟು ಒಮ್ಮಿನೂ ನಡಸಿಲ್ಲ."

"ಇವತ್ತ ನಡಸ್ರಿ."

ಚಂಬಣ್ಣ ಇಂದುಮತಿಯನ್ನು ಗಾಡಿಯ ಹಿಂದಕ್ಕೆ ಕರೆದ. ಅವನ ದನಿ ಸಣ್ಣದಾಗಿತ್ತು. "ಅದು ನಿನ್ನ ನಾಳಿನ ಡಬ್ಬಿ. ನಡುವ ಎಲ್ಲೆರ ಸಿಕ್ಕೊಂಡು ನಾಕು ದಿನ ನಿಂತ್ವಿ ಅಂದ್ರ ನಾನೇನ ಮಾಡ್ಲಿ? ಆಸ್ಪತ್ರ್ಯಾಗ ನಿನ್ನ ಹಾಸಿಗಿನೂ ಈಗ ಬ್ಯಾರೆಯವರಿಗೆ ಕೊಟ್ಟಾರ."

"ನನಗ ನಾಳಿತನಕ ಏನೂ ಆಗಂಗಿಲ್ಲ. ಆಕಿಗೆ ಮಧ್ಯಾಹ್ನತನಕ ಏನೂ ಆಗಂಗಿಲ್ಲ ಅಂತ ಹೇಳಾಕ ಬರೂದಿಲ್ಲ." ಆಕೆ ಗಂಡನ ತೋಳು ಹಿಡಿದಳು. "ಸಿಕ್ಕೋಬ್ಯಾಡ್ರಿ, ಅಷ್ಟ."

ಹೊಳೆವ್ವನನ್ನು ನಾಲ್ಕು ಜನ ಎತ್ತಿ ಒಳಗೆ ಮಲಗಿಸಿದರು. ಬೆನ್ನ ಹಿಂದೆ ಕಂಬಳಿ ಸುತ್ತಿಟ್ಟು ಅರ್ಧ ಕೂರಿಸಿದರು. ಇಂದುಮತಿ ಕೈ ತೊಳೆದು ಸೂಜಿ ಹಾಕಿದಳು. ಕೆಂಪು ರಕ್ತ ನಳಿಗೆಯಲ್ಲಿ ಸರಿದು ಸುತ್ತು ಹಾಕಿ ಮರಳಿ ಬಂತು. ಹೊಳೆವ್ವ ಕಣ್ಣು ತೆರೆದು ಯಂತ್ರವನ್ನೂ ಇಂದುಮತಿಯ ಮುಂಗೈಯ ಉಬ್ಬನ್ನೂ ನೋಡಿದಳು.

"ಇದು ನಿಮ್ಮದಲ್ರೀ ಎವ್ವಾ? ನಿಮಗ?"

"ನನಗ ನಾಳೆ. ಮಾತಾಡಬ್ಯಾಡ, ಉಸುರು ತಗೋ."

ಹಿಂಡನ್ನು ತಮ್ಮನಿಗೆ ಬಿಟ್ಟು ಮಾಳಿಂಗಪ್ಪ ಗಾಡಿಯ ಮುಂದೆ ಬರಿಗಾಲಲ್ಲಿ ನಡೆದ. ಅವನ ಕಾಲಿಗೆ ಗಟ್ಟಿ ಎನಿಸಿದಲ್ಲಿ ಕೋಲೆತ್ತುತ್ತಿದ್ದ, ಚಂಬಣ್ಣ ಅತ್ತ ತಿರುಗಿಸುತ್ತಿದ್ದ. ಎಲ್ಲೋ ಹಳೆಯ ಬಂಡಿ ದಾರಿಯ ಗರಸು ಮಣ್ಣು, ಎಲ್ಲೋ ಬದು, ಎಲ್ಲೋ ಜಾಲಿ ಬೆಳೆದ ಸಾಲು. ಫರ್ಲಾಂಗಿಗೊಮ್ಮೆ ಗಾಲಿಗಳಿಗೆ ಮಣ್ಣು ಮೆತ್ತಿಕೊಂಡು ದಪ್ಪವಾಗುತ್ತಿತ್ತು. ಆಗ ಇಬ್ಬರೂ ಕುಡುಗೋಲು ಹಿಡಿದು ಕೆರೆಯುತ್ತಿದ್ದರು. ಒಳಗೆ ಆರು ಕಾಲುಗಳು ಸಣ್ಣ ದನಿ ಮಾಡುತ್ತ ಚಾಚಿ, ಕುಗ್ಗಿ ನೆಲವನ್ನು ಮಟ್ಟವಾಗಿಟ್ಟಿದ್ದವು. ಧಾರವಾಡದ ಪರದೆಯ ಮೇಲೆ ವಾಲು ಅರ್ಧ ಡಿಗ್ರಿ, ಒಂದು ಡಿಗ್ರಿ, ಮತ್ತೆ ಅರ್ಧ. ಶಾಹೀನ್ ಕುರ್ಚಿಯ ಮೇಲೆ ಕುಳಿತಿರಲಿಲ್ಲ.

ಐದು ಕಿಲೋಮೀಟರ್ ದಾಟುವ ಹೊತ್ತಿಗೆ ಹೊಳೆವ್ವನ ಉಸಿರಿನ ಗೊರಗೊರ ತಗ್ಗಿತ್ತು. ಅಷ್ಟರಲ್ಲಿ ಒಂದು ಹಳೆಯ ಒಡ್ಡಿನ ಪಕ್ಕ ಎಡ ಹಿಂಗಾಲಿಯ ಕೆಳಗೆ ಮಣ್ಣು ಕುಸಿಯಿತು. ಗಾಡಿ ಎಡಕ್ಕೆ ಕೂತಿತು. ಒಳನೆಲ ಒಂದು ಕ್ಷಣ ತಡೆದು, ಆಮೇಲೆ ಅದೂ ವಾಲಿತು. ಯಂತ್ರ ಕೂಗಿಕೊಂಡು ನಿಂತಿತು.

"ಕಾಲುಗಳು ಪೂರ್ತಿ ಚಾಚ್ಯಾವು" ಶಾಹೀನ್ ಹೇಳಿದಳು. "ಗಾಡಿ ಹದಿನೇಳು ಡಿಗ್ರಿ ವಾಲೇತಿ, ಕಾಲು ಸರಿಮಾಡೂದು ಹದಿನಾಲ್ಕ. ಒಳಗ ಮೂರು ಉಳದೈತಿ. ಮೇಡಂ, ನಳಿಗ್ಯಾಗ ರಕ್ತ ನಿಂತ್ರ ಹೆಪ್ಪುಗಟ್ಟತೈತಿ. ಬಲಕ್ಕ ಹಿಡಿಕಿ ಐತಿ, ಕೈಲೆ ತಿರಗಿಸ್ರಿ. ಸೆಕೆಂಡಿಗೆ ಅರ್ಧ ಸುತ್ತು. ನಾನು ಎಣಸ್ತೀನಿ, ನನ್ನ ಜೋಡಿ ತಿರಗಿಸ್ರಿ."

ಇಂದುಮತಿ ಹಿಡಿಕೆ ಹಿಡಿದು ತಿರುಗಿಸತೊಡಗಿದಳು. ನಳಿಗೆಯಲ್ಲಿ ರಕ್ತ ಮತ್ತೆ ಸರಿಯಿತು. ಶಾಹೀನ್ ಒಂದು, ಎರಡು ಎಂದು ಎಣಿಸುತ್ತಲೇ ಇದ್ದಳು. "ಕಾಕಾ, ಒಂದು ಡಿಗ್ರಿ ಕಡಿಮಿ ಮಾಡಿದ್ರೂ ಮಷಿನ್ನು ಚಾಲೂ ಆಗತೈತಿ" ಎಂದಳು ನಡುವೆ.

ಚಂಬಣ್ಣ ಕೆಳಗಿಳಿದ. ಕುಸಿದ ಗಾಲಿಯನ್ನು ಎತ್ತಲು ಜಾಕ್ ಇಟ್ಟರೆ ಜಾಕೇ ಮಣ್ಣಿಗಿಳಿಯುತ್ತಿತ್ತು. ಅವನು ಒಂದು ಉಸಿರಿನಷ್ಟು ಹೊತ್ತು ಗಾಡಿಯನ್ನೇ ನೋಡಿದ. ಎಡಕ್ಕೆ ಎತ್ತಲಾಗದಿದ್ದರೆ ಬಲಕ್ಕೆ ಇಳಿಸಬಹುದಲ್ಲ ಎಂದು ಹೊಳೆಯಿತು. ಬಲಗಡೆಯ ಎರಡೂ ಟೈರುಗಳ ಗಾಳಿ ಬಿಟ್ಟ. ಗಾಳಿ ಸುಯ್ಯೆಂದು ಹೋಗುತ್ತ ಗಾಡಿಯ ಬಲಮಗ್ಗಲು ಮೂರು ಬೆರಳಿನಷ್ಟು ತಗ್ಗಿತು.

"ಹದಿನಾರು" ಎಂದಳು ಶಾಹೀನ್. "ಹದಿನೈದೂವರಿ. ಬಿಡ್ರಿ ಮೇಡಂ, ಕೈ ಬಿಡ್ರಿ, ತಾನ ಚಾಲೂ ಆತು."

ಹನ್ನೊಂದು ನಿಮಿಷ ಹಿಡಿಕೆ ತಿರುಗಿಸಿದ್ದ ಇಂದುಮತಿಯ ಕೈ ಮರಗಟ್ಟಿತ್ತು. ಹೊಳೆವ್ವ ತನ್ನ ಬಲಗೈಯಿಂದ ಅದನ್ನು ತಿಕ್ಕಿದಳು.

ಗಾಡಿ ಅಲ್ಲೇ ಕುಳಿತಿತ್ತು. ಮಾಳಿಂಗಪ್ಪ ಹೆಗಲ ಕಂಬಳಿಯನ್ನು ಮಡಿಚಿ ಕುಸಿದ ಗಾಲಿಯ ಮುಂದೆ ತುರುಕಿದ. ಚಂಬಣ್ಣ ತಾನೇ ಮಾಡಿದ ಮೇಜಿನ ಹಲಗೆ ಕಿತ್ತು ಅದರ ಮೇಲಿಟ್ಟ. ಗಾಳಿ ಬಿಟ್ಟ ಟೈರು ಅಗಲವಾಗಿ ನೆಲಕ್ಕೆ ಅಂಟಿಕೊಂಡಿತ್ತು, ಈಗ ಅದೇ ಉಪಯೋಗಕ್ಕೆ ಬಂತು. ನಾಲ್ಕು ಮೋಟಾರುಗಳಲ್ಲಿ ಬಲಗಡೆಯ ಎರಡಕ್ಕೆ ಮಾತ್ರ ಶಕ್ತಿ ಕೊಟ್ಟು, ಎಡದವನ್ನು ಸುಮ್ಮನೆ ಉರುಳಲು ಬಿಟ್ಟ. ಹಲಗೆ ಚಟ್ಟೆಂದು ಮುರಿಯಿತು. ಗಾಡಿ ಮೇಲೆ ಬಂತು. ಒಳನೆಲ ಸದ್ದಿಲ್ಲದೆ ಮಟ್ಟಕ್ಕೆ ಬಂದು ನಿಂತಿತು.

ಉಳಿದ ಮೂರು ಕಿಲೋಮೀಟರನ್ನು ನಡೆಯುವ ಮನುಷ್ಯನಿಗಿಂತ ನಿಧಾನ ಹೋದರು. ಡಾಂಬರು ರಸ್ತೆ ಮುಟ್ಟಿದಾಗ ಮಧ್ಯಾಹ್ನ ಎರಡು ಗಂಟೆ. ಆಂಬುಲೆನ್ಸಿನವರು ಬಾಗಿಲು ತೆರೆದು ಓಡಿ ಬಂದರು. ಹೊಳೆವ್ವ ದಿಂಬಿಗೆ ಒರಗಿ ಕುಳಿತು, "ಬುತ್ತಿ ಐತೇನ್ರಿ? ಹಸಿವಿ ಆಗೈತಿ" ಎಂದಳು. ಮಾಳಿಂಗಪ್ಪ ಬಾಗಿಲ ಬಳಿ ಮುಖ ತಿರುಗಿಸಿ ನಿಂತ. ಎಂಟು ದಿನದಿಂದ ಅವಳು ಊಟದ ಹೆಸರೆತ್ತಿರಲಿಲ್ಲ.

ಮರುದಿನ ಇಂದುಮತಿಗೆ ಆಸ್ಪತ್ರೆಯಲ್ಲಿ ಹಾಸಿಗೆ ಸಿಗುವಷ್ಟರಲ್ಲಿ ಸಂಜೆಯಾಗಿತ್ತು. ಕಾಲು ಬಾತು, ಬಾಯಿ ಕಹಿಯಾಗಿ, ಬೆಂಚಿನ ಮೇಲೆ ಒರಗಿ ಕಾದಳು. ಚಂಬಣ್ಣ ಪಕ್ಕದಲ್ಲೇ ಇದ್ದ. ಮೆಟ್ಟಿಲಿಗೆ ಹೋಗಲಿಲ್ಲ.

ಹತ್ತು ದಿನದ ಮೇಲೆ ಪರೀಕ್ಷೆಯ ಮೇಲ್ವಿಚಾರಣಾ ಸಮಿತಿ ಸೇರಿತು. ಶಾಹೀನ್ ಅಂಕಿಗಳನ್ನು ಮುಂದಿಟ್ಟಳು: ಮೂರು ತಾಸು ನಲವತ್ತು ನಿಮಿಷ, ಎಂಟು ಕಿಲೋಮೀಟರ್, ಹನ್ನೊಂದು ನಿಮಿಷ ಬಿಟ್ಟರೆ ವಾಲು ಎರಡು ಡಿಗ್ರಿ ಮೀರಿಲ್ಲ. ಅಧ್ಯಕ್ಷರು ಕಾಗದ ನೋಡಿ, "ಅನುಮತಿ ಇಲ್ಲದ ರೋಗಿ, ಅನುಮತಿ ಇಲ್ಲದ ಪ್ರಯಾಣ. ಯಾರ ನಿರ್ಧಾರವಿದು?" ಎಂದರು. ಡಾ. ಕಟ್ಟೀಮನಿ ಕೈಯೆತ್ತಿದರು. ಶಾಹೀನ್ ಕೈಯೆತ್ತಿದಳು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಇಂದುಮತಿ ಎದ್ದು ನಿಂತು, "ಮೊದಲು ಕೇಳಿದಾಕಿ ನಾನ್ರಿ" ಎಂದಳು. ಅಧ್ಯಕ್ಷರು ಒರಟರಲ್ಲ. ಆದರೂ ನಿಯಮ ನಿಯಮವೇ. ಮುಂದಿನ ಆದೇಶದವರೆಗೆ ಪರೀಕ್ಷೆ ನಿಂತಿತು. ಏಳೂ ಮನೆಗಳಿಂದ ಬಿಳಿ ಪೆಟ್ಟಿಗೆಗಳು ಧಾರವಾಡಕ್ಕೆ ಮರಳಿದವು.

ಇಂದುಮತಿಗೆ ಮತ್ತೆ ಸೋಮವಾರ, ಬುಧವಾರ, ಶುಕ್ರವಾರ. ಶೆಡ್ಡಿನ ಹಿಂದೆ ಗಾಡಿಯ ಗಾಲಿಗಳ ಮೇಲೆ ಎರೆ ಮಣ್ಣು ಒಣಗಿ ಹೆಂಟೆ ಹೆಂಟೆಯಾಗಿ ಉದುರಿತು.

ಒಂದು ಮಧ್ಯಾಹ್ನ ಚಂಬಣ್ಣ ಊಟಕ್ಕೆ ಕುಳಿತಾಗ ಕೇಳಿದ, "ಬ್ಯಾಸರಾತೇನು?"

"ಆಗೈತಿ" ಎಂದಳು ಇಂದುಮತಿ. "ಆಗಿಲ್ಲ ಅಂದ್ರ ಸುಳ್ಳ ಆಗತೈತಿ. ಬರೇ ನನಗಷ್ಟ ಅಲ್ಲ, ಉಳದ ಆರು ಮಂದಿ ಏನ ಮಾಡಿದ್ರು? ಅವರೂ ಈಗ ಬೆಂಚಿನ ಮ್ಯಾಲೆ ಕುಂತಾರ. ಅದೊಂದು ಚುಚ್ಚತೈತಿ." ಅವನ ತಾಟಿಗೆ ರೊಟ್ಟಿ ಹಾಕಿ, "ಆದ್ರ ಮತ್ತ ಹಂತಾ ದಿನಾ ಬಂದ್ರ ಮತ್ತ ಹಂಗ ಮಾಡ್ತೀನಿ" ಎಂದಳು. ಅವನು ಮಜ್ಜಿಗೆ ಹಾಕಿಕೊಂಡ.

ಆ ಆರು ಜನರಲ್ಲಿ ಒಬ್ಬಳು ನಿವೃತ್ತ ಶಾಲಾ ಶಿಕ್ಷಕಿ. ಅವಳು ತಾನೇ ಸಮಿತಿಗೆ ಪತ್ರ ಬರೆದಳು, ಉಳಿದ ಐವರ ಸಹಿ ಹಾಕಿಸಿದಳು: ನಮ್ಮ ಯಂತ್ರ ನಮಗೆ ಮರಳಿ ಬರಲಿ, ಆದರೆ ರಸ್ತೆಯಿಲ್ಲದ ಕಡೆ ಇರುವವರಿಗೂ ಹೋಗುವ ಹಾಗೆ ನಿಯಮ ಬರೆಯಿರಿ. ಶಾಹೀನ್ ಆ ಚಳಿಗಾಲವೆಲ್ಲ ಹೊಸ ಅರ್ಜಿ ಬರೆದಳು. ಆರು ಕಾಲುಗಳನ್ನು ಇನ್ನೂ ಒಂದು ಗೇಣು ಉದ್ದ ಮಾಡಲು ಚಂಬಣ್ಣನೊಡನೆ ಕುಳಿತು ಲೆಕ್ಕ ಹಾಕಿದಳು. ಐದು ತಿಂಗಳ ಮೇಲೆ ಅನುಮತಿ ಬಂತು. ಅದರಲ್ಲಿ ಏಳರ ಬದಲು ಇಪ್ಪತ್ತು ಹೆಸರಿಗೆ ಜಾಗವಿತ್ತು. "ಚಲಿಸುವ ವಾಹನದಲ್ಲಿ" ಎಂಬ ಮಾತೂ ಇತ್ತು. ಎಂಟನೆಯ ಹೆಸರನ್ನು ಶಾಹೀನ್ ತನ್ನ ಕೈಯಿಂದಲೇ ಬರೆದಳು.

ಮಾರ್ಚ್ ಕೊನೆಯ ಒಂದು ಬೆಳಿಗ್ಗೆ ಮಾಳಿಂಗಪ್ಪನ ಹಿಂಡು ಮಲಪ್ರಭೆಯ ಕಡೆಗೆ ಹೊರಟಿತ್ತು. ಕಡಲೆ ಕಿತ್ತು ಬಯಲಾದ ಹೊಲಗಳು. ನೆಲ ಗಟ್ಟಿಯಾಗಿ ಅಲ್ಲಲ್ಲಿ ಬಿರುಕು ಬಿಟ್ಟಿತ್ತು. ಗಾಡಿ ಬಂದು ನಿಂತಾಗ ಹೊಳೆವ್ವ ತಾನೇ ಮೆಟ್ಟಿಲು ಹತ್ತಿ, ಕೈ ತೊಳೆದು, ಕಿಟಕಿಯ ಪಕ್ಕದ ಹಾಸಿಗೆಯ ಮೇಲೆ ಕುಳಿತು ಮುಂಗೈ ಚಾಚಿದಳು. ಇಂದುಮತಿ ಸೂಜಿ ಹಾಕಿ ಯಂತ್ರ ಚಾಲೂ ಮಾಡಿದಳು. ಹೊರಗೆ ಗಂಡಸರು ಡೇರೆ ಬಿಚ್ಚಿ ಕುದುರೆಯ ಮೇಲೆ ಹೇರುತ್ತಿದ್ದರು. ಹೊಳೆವ್ವ ಅದನ್ನೇ ನೋಡುತ್ತಿದ್ದಳು.

"ನಾಕು ತಾಸು ಅಂದ್ರ ಅವರು ಭಾಳ ದೂರ ಹೋಗಿರತಾರ" ಎಂದಳು.

ಚಂಬಣ್ಣ ಮುಂದಿನ ಸೀಟಿನಿಂದ ತಿರುಗಿ ನೋಡಿದ. ಹಿಂಡು ಎದ್ದು ನಡೆಯತೊಡಗಿತ್ತು. ಅವನು ಮೋಟಾರಿಗೆ ಕರೆಂಟು ಕೊಟ್ಟು ಗಾಡಿಯನ್ನು ಮೆಲ್ಲಗೆ ಹೊಲಕ್ಕಿಳಿಸಿದ. ಕುರಿಗಳು ಎರಡೂ ಮಗ್ಗಲು ಸರಿದು ಜಾಗ ಕೊಟ್ಟವು, ಆಮೇಲೆ ಮತ್ತೆ ಕೂಡಿಕೊಂಡವು. ಗಾಡಿ ಅವುಗಳ ನಡುವೆ ಅವುಗಳ ನಡಿಗೆಯಲ್ಲೇ ಸಾಗಿತು. ಹೊಳೆವ್ವ ಕಿಟಕಿಯ ಗಾಜು ಸರಿಸಿ ತಲೆ ಹೊರಗೆ ಹಾಕಿ, ಹಿಂದುಳಿದ ಒಂದು ಕುಂಟ ಕುರಿಯನ್ನು "ಹುರ್‍ರ್, ನಡಿ ನಡಿ" ಎಂದು ಕೂಗಿ ಎಬ್ಬಿಸಿದಳು. ಇಂದುಮತಿ ಆ ಕುರಿಯ ಕಾಲು ನೋಡಲು ತನ್ನ ಚೀಲ ತೆಗೆದುಕೊಂಡು ಬಾಗಿಲ ಮೆಟ್ಟಿಲ ಮೇಲೆ ಕುಳಿತಳು.